ಹಂಪನಕಟ್ಟೆಯಿಂದ ಬಲ್ಮಠಕ್ಕೆ: ಮಂಗಳೂರಿನ ಕಾಲೇಜು ಗುಡ್ಡದ ಹೆಸರುಗಳು

ನಮ್ಮ ಸಂಘದ ಕುಟುಂಬಗಳಿಂದ ಪ್ರತಿ ವರ್ಷ ಕೆಲವು ಮಕ್ಕಳಾದರೂ ದುಬೈ, ಅಬುಧಾಬಿಯ ಶಾಲೆಗಳಲ್ಲಿ ಹನ್ನೆರಡನೆಯ ತರಗತಿ ಮುಗಿಸಿ ಮಂಗಳೂರಿಗೆ ಓದಲು ಹೋಗುತ್ತಾರೆ. ರಜೆಯಲ್ಲಿ ಬಂದಾಗ ಮಾತನಾಡಿಸಿದರೆ ಹಾಸ್ಟೆಲಿನ ಊಟ, ನಿಲ್ಲದ ಮಳೆ, ಮಾಲು, ಐಸ್‌ಕ್ರೀಮ್ ಎಲ್ಲದರ ಬಗ್ಗೆ ಹೇಳುತ್ತಾರೆ. "ವೆನ್ಲಾಕ್ ಅಂದರೆ ಯಾರು?" ಎಂದು ಕೇಳಿದರೆ "ಅದು ಆಸ್ಪತ್ರೆ ಅಲ್ವಾ ಅಂಕಲ್?" ಎನ್ನುತ್ತಾರೆ. ಮಕ್ಕಳನ್ನು ದೂರಿ ಫಲವಿಲ್ಲ. ಅವರ ತಂದೆತಾಯಂದಿರಿಗೆ ಅದನ್ನು ಯಾರೂ ಹೇಳಿಕೊಟ್ಟಿಲ್ಲ, ನಮಗೂ ಯಾವ ಪಠ್ಯದಲ್ಲಿ ಅದು ಇರಲಿಲ್ಲ. ನಾನು 1970ರ ದಶಕದ ಕೊನೆಯಲ್ಲಿ ಕಸ್ತೂರ್ಬಾ ಮೆಡಿಕಲ್ ಕಾಲೇಜಿನಲ್ಲಿ ಓದಿದವನು. ಆಮೇಲೆ ಮೂವತ್ತು ವರ್ಷ ಈ ಮರಳುಗಾಡಿನ ಊರುಗಳಲ್ಲಿ ರೋಗಿಗಳನ್ನು ನೋಡಿ ಈಗ ನಿವೃತ್ತನಾಗಿದ್ದೇನೆ. ಊರಿಗೆ ಹೋದಾಗಲೆಲ್ಲ ಬೆಳಿಗ್ಗೆ ಹಂಪನಕಟ್ಟೆಯಿಂದ ಬಲ್ಮಠದವರೆಗೆ ನಡೆಯುವ ಅಭ್ಯಾಸ ಮಾಡಿಕೊಂಡಿದ್ದೇನೆ. ದಾರಿ ಎರಡು ಕಿಲೋಮೀಟರಿಗಿಂತ ಕಡಿಮೆ. ಆದರೆ ಆ ದಾರಿಯಲ್ಲಿರುವ ಹೆಸರುಗಳನ್ನು ಓದುತ್ತಾ ಹೋದರೆ ಒಂದು ಬೆಳಿಗ್ಗೆ ಸಾಲದು.

ಹಂಪನಕಟ್ಟೆಯಿಂದಲೇ ಶುರು ಮಾಡೋಣ. ಅಪ್ಪಣ್ಣ ಎಂಬ ಒಬ್ಬಾತ ಇಲ್ಲಿ ಮರದ ಕಟ್ಟೆಯಲ್ಲಿ ಕುಳಿತು ದಾರಿಹೋಕರಿಗೆ ನೀರು ಕೊಡುತ್ತಿದ್ದನಂತೆ. ಅಪ್ಪಣ್ಣನ ಕಟ್ಟೆ ಬಾಯಿಂದ ಬಾಯಿಗೆ ಹಂಪನಕಟ್ಟೆಯಾಯಿತು ಎಂಬುದು ಊರವರು ಹೇಳಿಕೊಂಡು ಬಂದ ಮಾತು. ಶಾಸನದ ಆಧಾರ ಕೇಳಬೇಡಿ. ಈ ದಾರಿಯಲ್ಲಿ ನೀರು ಕೊಟ್ಟವನ ಹೆಸರು ಉಳಿದಿರುವುದು ಇಲ್ಲಿ ಮಾತ್ರ, ಅದೂ ಯಾವ ಫಲಕವೂ ಇಲ್ಲದೆ, ಎಂಬುದಷ್ಟೇ ನನಗೆ ಮುಖ್ಯ. ಅಲ್ಲೇ ಇರುವ ವಿಶ್ವವಿದ್ಯಾನಿಲಯ ಕಾಲೇಜು 1868ರದ್ದು. ನಮ್ಮ ಹಿರಿಯರಿಗೆ ಅದು ಸರಕಾರಿ ಕಾಲೇಜು. ಪಂಜೆ ಮಂಗೇಶರಾಯರು ಪಾಠ ಹೇಳಿದ್ದು ಅಲ್ಲಿ, ಶಿವರಾಮ ಕಾರಂತರು ಗಾಂಧೀಜಿಯ ಅಸಹಕಾರದ ಕರೆಗೆ ಓದು ಬಿಟ್ಟು ಹೊರಟದ್ದೂ ಅಲ್ಲಿಂದಲೇ. ಓದು ಬಿಟ್ಟವರ ಹೆಸರಿನಿಂದ ಹೆಮ್ಮೆಪಡುವ ಕಾಲೇಜುಗಳು ಲೋಕದಲ್ಲಿ ಹೆಚ್ಚಿರಲಾರವು.

ಇಲ್ಲಿಂದ ಏರು. ಈ ಗುಡ್ಡಕ್ಕೆ ಇರುವಷ್ಟು ಹೆಸರು ಮಂಗಳೂರಿನಲ್ಲಿ ಬೇರೆ ಯಾವುದಕ್ಕೂ ಇರಲಿಕ್ಕಿಲ್ಲ. ಬಸ್ಸಿನವರಿಗೆ ಲೈಟ್‌ಹೌಸ್ ಹಿಲ್. ಹಳೆಯ ಕಾಗದಪತ್ರಗಳಲ್ಲಿ ಈದ್ಗಾ ಗುಡ್ಡ, ಏಕೆಂದರೆ ಪಕ್ಕದಲ್ಲೇ ಹದಿನೆಂಟನೆಯ ಶತಮಾನದ, ಟಿಪ್ಪು ಕಾಲದ್ದೆಂದು ಹೇಳುವ ಈದ್ಗಾ ಇದೆ. ಊರಿನ ಹಳಬರಿಗೆ ಬಾವುಟಗುಡ್ಡೆ. ವಿದ್ಯಾರ್ಥಿಗಳಿಗೆ ಬರೀ 'ಅಲೋಶಿಯಸ್'. ದೀಪಸ್ತಂಭವನ್ನು ಹೈದರಾಲಿ ಕಟ್ಟಿಸಿದನೆಂದು ಇಂದಿಗೂ ಹೇಳುವವರಿದ್ದಾರೆ. ಈಗ ಕಾಣುವ ಗೋಪುರ ಬ್ರಿಟಿಷರು 1900ರಲ್ಲಿ ಕಟ್ಟಿದ್ದು. ಅದರ ಬುಡದ ಉದ್ಯಾನಕ್ಕೆ ರವೀಂದ್ರನಾಥ ಠಾಕೂರರ ಹೆಸರು. ಅಲ್ಲಿ ನಿಂತರೆ ಪಡುವಣದ ಕಡಲು ಕಾಣುತ್ತದೆ. ದೀಪ ಇಲ್ಲೇ ಬೇಕಾದದ್ದು ಯಾಕೆಂದು ಯಾರೂ ವಿವರಿಸಬೇಕಾಗಿಲ್ಲ.

ಬಾವುಟದ ಕಥೆಯನ್ನು ಸ್ವಲ್ಪ ನಿಂತು ಹೇಳಬೇಕು. 1834ರಲ್ಲಿ ಕಂಪೆನಿ ಸರಕಾರ ಕೊಡಗಿನ ಚಿಕ್ಕವೀರರಾಜೇಂದ್ರನನ್ನು ಇಳಿಸಿತು. ಕೊಡಗಿಗೆ ಸೇರಿದ್ದ ಅಮರ ಸುಳ್ಯ, ಪುತ್ತೂರು ಸೀಮೆಗಳನ್ನು ದಕ್ಷಿಣ ಕನ್ನಡಕ್ಕೆ ಸೇರಿಸಿತು. ಕೊಡಗಿನ ಅರಸರ ಕಾಲದಲ್ಲಿ ಬೆಳೆಯ ರೂಪದಲ್ಲಿ ಸಲ್ಲುತ್ತಿದ್ದ ಕಂದಾಯವನ್ನು ಕಂಪೆನಿ ನಗದಾಗಿ ಕೇಳಿತು. ಸುಳ್ಯದ ಕಾಡಂಚಿನ ಒಕ್ಕಲಿಗನ ಬಳಿ ಭತ್ತ ಇತ್ತು, ಅಡಿಕೆ ಇತ್ತು, ರೂಪಾಯಿ ಇರಲಿಲ್ಲ. ರೂಪಾಯಿಗಾಗಿ ಸಾಹುಕಾರನ ಬಾಗಿಲಿಗೆ ಹೋಗಬೇಕು. ಬಡ್ಡಿ ಏನೆಂದು ನಮಗೆಲ್ಲ ಗೊತ್ತಿದೆ. ದಂಗೆ ಎದ್ದಿತು. ಕೆದಂಬಾಡಿ ರಾಮಯ್ಯ ಗೌಡರು ಮತ್ತು ಸಂಗಡಿಗರು, 'ಕಲ್ಯಾಣಸ್ವಾಮಿ'ಯನ್ನು ಮುಂದಿಟ್ಟುಕೊಂಡು ಸುಳ್ಯದಿಂದ ಹೊರಟು, ಹೊಳೆ ದಾಟಿ ಮಂಗಳೂರಿಗೆ ಬಂದರು. 1837ರ ಏಪ್ರಿಲ್ 5ರಂದು ಈ ಗುಡ್ಡದ ಮೇಲೆ ತಮ್ಮ ಬಾವುಟ ಏರಿಸಿದರು. ಹದಿಮೂರು ದಿನ ಮಂಗಳೂರು ಅವರ ಕೈಯಲ್ಲಿತ್ತು. ಆಮೇಲೆ ಹೊರಗಿನಿಂದ ಕಂಪೆನಿಯ ಪಡೆ ಬಂದಿತು. ಬಿಕರ್ನಕಟ್ಟೆಯಲ್ಲಿ ಗಲ್ಲುಗಳಾದವು. 1857ರ ಸಿಪಾಯಿ ದಂಗೆಗೆ ಇನ್ನೂ ಇಪ್ಪತ್ತು ವರ್ಷ ಇತ್ತು.

ಸೋತವರ ಹೆಸರಿಗೆ ಏನಾಯಿತು ನೋಡಿ. ದಕ್ಷಿಣ ಕನ್ನಡದ ಮನೆಮನೆಗಳಲ್ಲಿ ಆ ದಂಗೆಗೆ 'ಕಲ್ಯಾಣಪ್ಪನ ಕಾಟಕಾಯಿ' ಎಂದೇ ಹೆಸರು. ಎಂದರೆ ದಾಂಧಲೆ, ಲೂಟಿ. ನನ್ನ ಅಜ್ಜಿ ನಾವು ಮಕ್ಕಳು ಗಲಾಟೆ ಮಾಡಿದರೆ "ಏನಿದು ಕಲ್ಯಾಣಪ್ಪನ ಕಾಟಕಾಯಿ!" ಎಂದು ಗದರಿಸುತ್ತಿದ್ದರು. ಯಾವ ಕಲ್ಯಾಣಪ್ಪ ಎಂದು ಅವರಿಗೂ ತಿಳಿದಿರಲಿಲ್ಲ. ಗೆದ್ದವರು ಬರೆಸಿದ ದಫ್ತರದ ಮಾತು ಅಜ್ಜಿಯ ಬೈಗುಳದವರೆಗೆ ಇಳಿದು ಬಂದಿತ್ತು. ಆದರೆ ಅದೇ ಅಜ್ಜಿಯ ಬಾಯಲ್ಲಿ ಗುಡ್ಡದ ಹೆಸರು ಬಾವುಟಗುಡ್ಡೆ. ಒಂದು ಹೆಸರಿನಲ್ಲಿ ಕಂಪೆನಿ ಗೆದ್ದಿತು, ಇನ್ನೊಂದರಲ್ಲಿ ಒಕ್ಕಲಿಗ. ನಿರಂಜನರು 'ಕಲ್ಯಾಣಸ್ವಾಮಿ' ಕಾದಂಬರಿಯನ್ನು ಈ ದಂಗೆಯ ಮೇಲೆಯೇ ಬರೆದರು. 2022ರ ನವೆಂಬರಿನಲ್ಲಿ ಗುಡ್ಡದ ಮೇಲೆ ಕೆದಂಬಾಡಿ ರಾಮಯ್ಯ ಗೌಡರ ಕಂಚಿನ ಪ್ರತಿಮೆ ನಿಂತಿತು. ಎಂದರೆ 185 ವರ್ಷಗಳ ಮೇಲೆ.

ಅಲೋಶಿಯಸ್ ಕಾಲೇಜಿನ ಬಗ್ಗೆ ಮಂಗಳೂರಿನವರಿಗೆ ಹೆಚ್ಚು ಹೇಳುವುದು ಬೇಡ. ಜೆಸುಯಿಟ್ ಪಾದ್ರಿಗಳು 1880ರ ಜನವರಿಯಲ್ಲಿ ಕೋಡಿಯಾಲಬೈಲಿನ ಒಂದು ಬಾಡಿಗೆ ಮನೆಯಲ್ಲಿ ಪಾಠ ಶುರು ಮಾಡಿ, ಐದು ವರ್ಷದ ಮೇಲೆ ಗುಡ್ಡ ಏರಿದರು. 2024ರಲ್ಲಿ ಅದಕ್ಕೆ ವಿಶ್ವವಿದ್ಯಾನಿಲಯದ ಸ್ಥಾನ ಸಿಕ್ಕಿತು. ಚಾಪೆಲ್ ಮಾತ್ರ ನೋಡಲೇಬೇಕು. ಇಟೆಲಿಯ ಬೆರ್ಗಾಮೊ ಕಡೆಯ ಅಂತೋನಿಯೊ ಮೋಸ್ಕೇನಿ ಎಂಬ ಜೆಸುಯಿಟ್ ಸಹೋದರರು 1899ರಿಂದ 1901ರವರೆಗೆ ಒಬ್ಬರೇ ಎಂಬಂತೆ ನಿಂತು ಬರೆದ ಚಿತ್ರಗಳು ಗೋಡೆ, ಮಾಡು ಎಲ್ಲವನ್ನೂ ತುಂಬಿವೆ. ಗೋಡೆಯವು ಹಸಿ ಗಾರೆಯ ಮೇಲೆ ಬರೆದವು. ಗಾರೆ ಒಣಗುವ ಮೊದಲೇ ಬಣ್ಣ ಅದರೊಳಗೆ ಇಳಿಯಬೇಕು, ತಿದ್ದಲು ಸಮಯವಿಲ್ಲ. ಮಾಡಿನವು ಬಟ್ಟೆಯ ಮೇಲೆ ಎಣ್ಣೆಬಣ್ಣದಲ್ಲಿ ಬರೆದು ಮೇಲೆ ಏರಿಸಿದವು. ವರ್ಷಕ್ಕೆ ನಾಲ್ಕು ತಿಂಗಳು ಬಟ್ಟೆಯೇ ಒಣಗದ ಊರಿನಲ್ಲಿ ಈ ಕೆಲಸ! ಅವರು 1905ರಲ್ಲಿ ಕೊಚ್ಚಿಯಲ್ಲಿ ತೀರಿಕೊಂಡರು. ಮಳೆಯ ತೇವಕ್ಕೆ ಹಾಳಾಗುತ್ತಿದ್ದ ಚಿತ್ರಗಳನ್ನು 1990ರ ದಶಕದ ಮೊದಲಲ್ಲಿ ತಜ್ಞರು ದುರಸ್ತಿ ಮಾಡಿದರು.

ಇದೇ ಗುಡ್ಡದ ರಸ್ತೆಗೆ ವಿಜಯಾ ಬ್ಯಾಂಕನ್ನು ಬೆಳೆಸಿದ ಮುಲ್ಕಿ ಸುಂದರರಾಮ ಶೆಟ್ಟರ ಹೆಸರಿಡಬೇಕೋ, ಅಲೋಶಿಯಸ್ ಕಾಲೇಜಿನ ಹೆಸರು ಇರಬೇಕೋ ಎಂದು 2017ರಲ್ಲಿ ಊರು ಎರಡಾದದ್ದು ಇಲ್ಲಿನ ಪತ್ರಿಕೆ ಓದುವವರಿಗೂ ನೆನಪಿರಬಹುದು. ನಮ್ಮ ಸಂಘದ ಊಟದ ಮೇಜಿನಲ್ಲೂ ಅದರ ಬಗ್ಗೆ ಗಟ್ಟಿ ದನಿಯ ಮಾತು ನಡೆದಿತ್ತು. ಇಬ್ಬರೂ ಗೌರವಕ್ಕೆ ಯೋಗ್ಯರು. ಕರಾವಳಿಯ ಎಷ್ಟೋ ಹುಡುಗರಿಗೆ ಒಬ್ಬರು ಉದ್ಯೋಗ ಕೊಟ್ಟರು, ಇನ್ನೊಬ್ಬರು ವಿದ್ಯೆ ಕೊಟ್ಟರು. ನನ್ನ ಅಭಿಪ್ರಾಯ ಇಷ್ಟೆ: ರಸ್ತೆಯ ನಾಮಫಲಕದಲ್ಲಿ ಜಾಗ ಒಬ್ಬರಿಗೆ ಮಾತ್ರ, ಅದಕ್ಕೇ ಜಗಳ. ಗುಡ್ಡದ ಬುಡದಲ್ಲಿ ಒಂದು ದೊಡ್ಡ ಫಲಕ ನಿಲ್ಲಿಸಿ ಈದ್ಗಾ, ಬಾವುಟ, ದೀಪಸ್ತಂಭ, ಕಾಲೇಜು, ಬ್ಯಾಂಕು ಎಲ್ಲವನ್ನೂ ಇಸವಿ ಹಾಕಿ ಬರೆದರೆ ಸಿಮೆಂಟು, ಬಣ್ಣದ ಖರ್ಚು ಎಷ್ಟಾದೀತು?

ಗುಡ್ಡ ದಾಟಿದರೆ ಬಲ್ಮಠ. ಸ್ವಿಟ್ಜರ್ಲೆಂಡಿನ ಬಾಸೆಲ್ ಪಟ್ಟಣದ ಮಿಷನ್ನಿನ ಮೂವರು, ಹೆಬಿಕ್, ಲೇನರ್, ಗ್ರೈನರ್, 1834ರ ಅಕ್ಟೋಬರಿನಲ್ಲಿ ಮಂಗಳೂರಿಗೆ ಬಂದರು. ಕೊಡಗು ಕಂಪೆನಿಯ ಪಾಲಾದ ವರ್ಷವೇ ಅದು. ಸುಳ್ಯದವರು ಬಾವುಟ ಏರಿಸುವಾಗ ಇವರಿಗೆ ಇಲ್ಲಿ ಮೂರನೆಯ ವರ್ಷ. 1840ರಲ್ಲಿ ಕಲೆಕ್ಟರರಾಗಿದ್ದ ಬ್ಲೇರ್ ಎಂಬವರಿಂದ ಬಲ್ಮಠದ ಮನೆ ಸಿಕ್ಕಿತು. ಮರುವರ್ಷ ಕಲ್ಲಚ್ಚಿನ ಮುದ್ರಣಾಲಯ ಬಂತು. 1843ರ ಜುಲೈ 1ರಂದು ಹೆರ್ಮನ್ ಮ್ಯೋಗ್ಲಿಂಗ್ ಅವರ ಸಂಪಾದಕತ್ವದಲ್ಲಿ 'ಮಂಗಳೂರ ಸಮಾಚಾರ' ಹೊರಬಂದಿತು. ಕನ್ನಡದ ಮೊದಲ ಪತ್ರಿಕೆ. ತಿಂಗಳಿಗೆ ಎರಡು ಸಂಚಿಕೆ. ಮುಂದಿನ ವರ್ಷವೇ ಅದು ಬಳ್ಳಾರಿಗೆ ಹೋಯಿತು. ಮಂಗಳೂರಿನಲ್ಲಿ ಅದು ಬದುಕಿದ್ದು ಒಂದು ವರ್ಷಕ್ಕೂ ಸ್ವಲ್ಪ ಕಡಿಮೆ ಇರಬೇಕು, ಆದರೂ ಜುಲೈ 1 ಇಂದಿಗೂ ಕನ್ನಡ ಪತ್ರಕರ್ತರ ಹಬ್ಬ. 1894ರಲ್ಲಿ ಕಿಟೆಲರ ಕನ್ನಡ ನಿಘಂಟು ಅಚ್ಚಾದದ್ದೂ ಈ ಮಿಷನ್ನಿನ ಮುದ್ರಣಾಲಯದಲ್ಲಿ. ಮತಾಂತರದ ಉದ್ದೇಶದಿಂದ ಬಂದವರು ನಮಗೆ ಪತ್ರಿಕೆ, ನಿಘಂಟು ಎರಡನ್ನೂ ಕೊಟ್ಟುಹೋದರು. ಉದ್ದೇಶವನ್ನು ಮರೆಮಾಚುವುದೂ ಬೇಡ, ಕೊಟ್ಟದ್ದನ್ನು ಮರೆಯುವುದೂ ಬೇಡ. ಅಲ್ಲಿ ಈಗ ಕರ್ನಾಟಕ ಥಿಯಾಲಾಜಿಕಲ್ ಕಾಲೇಜು ಇದೆ, ಅದರ ಪತ್ರಾಗಾರದಲ್ಲಿ ಹಳೆಯ ಹೊತ್ತಗೆಗಳು, ಓಲೆಗರಿಗಳು ಇವೆ.

ಮಿಷನ್ನಿನ ಇನ್ನೊಂದು ಗುರುತು ನಮ್ಮ ತಲೆಯ ಮೇಲಿತ್ತು. 1865ರಲ್ಲಿ ಪ್ಲೆಬ್ಸ್ಟ್ ಎಂಬವರು ಮಂಗಳೂರಿನ ಜೇಡಿಮಣ್ಣಿನಿಂದ ಹಂಚಿನ ಕಾರ್ಖಾನೆ ಆರಂಭಿಸಿದರು. ಹಳೆಯ ಮನೆಯ ಹಂಚನ್ನು ಮಗುಚಿ ನೋಡಿದರೆ ಕಾರ್ಖಾನೆಯ ಹೆಸರು, ಕೆಲವಲ್ಲಿ 1865 ಎಂಬ ಇಸವಿ ಅಚ್ಚಾಗಿರುತ್ತದೆ. ಅದಕ್ಕಿಂತ ಅಗ್ಗದ ಚಾರಿತ್ರಿಕ ಫಲಕ ನಾನು ಕಂಡಿಲ್ಲ. ಊರಿನ ಮನೆ ಕೆಡವಿ ತಾರಸಿ ಹಾಕುವವರು, ಮತ್ತು ನಮ್ಮ ನಡುವೆ ಅಂಥವರು ಪ್ರತಿ ವರ್ಷ ಇದ್ದೇ ಇದ್ದಾರೆ, ಎರಡು ಹಂಚನ್ನಾದರೂ ಎತ್ತಿಟ್ಟುಕೊಳ್ಳಿ.

ಈಗ ನನಗೆ ಎಲ್ಲಕ್ಕಿಂತ ಹತ್ತಿರದ ವಿಷಯಕ್ಕೆ ಬರುತ್ತೇನೆ. ಅದಕ್ಕೆ ಮತ್ತೆ ಗುಡ್ಡ ಇಳಿದು ಹಂಪನಕಟ್ಟೆಗೆ ಹೋಗಬೇಕು. ವೆನ್ಲಾಕ್ ಆಸ್ಪತ್ರೆ 1848ರಲ್ಲಿ ಕಂಪೆನಿ ಸರಕಾರದ ಕಾಲದಲ್ಲಿ ಆರಂಭವಾಯಿತು. ವೆನ್ಲಾಕ್ ಎಂಬುದು 1891ರಿಂದ 1896ರವರೆಗೆ ಮದರಾಸಿನ ಗವರ್ನರ್ ಆಗಿದ್ದ ಒಬ್ಬ ಇಂಗ್ಲಿಷ್ ಪ್ರಭುವಿನ ಬಿರುದು. ಹತ್ತಿರದ ಹೆಂಗಸರ ಆಸ್ಪತ್ರೆಗೆ ಹೆಸರು ಕೊಟ್ಟ ಲೇಡಿ ಗೋಶನ್, 1924ರಿಂದ 1929ರವರೆಗೆ ಗವರ್ನರ್ ಆಗಿದ್ದವರ ಪತ್ನಿ. ಜಿಲ್ಲೆಯ ಅರ್ಧದಷ್ಟು ಮಕ್ಕಳ ಹುಟ್ಟೂರು ಲೇಡಿಗೋಶನ್ ಎಂದು ನಾವು ತಮಾಷೆ ಮಾಡುವುದಿತ್ತು. ಇವರ ಹೆಸರು ತೆಗೆಯಬೇಕೆಂದು ನಾನು ಹೇಳುವವನಲ್ಲ. ಆ ಹೆಸರುಗಳಿಗೆ ಈಗ ಗವರ್ನರ ಗುರುತೇ ಉಳಿದಿಲ್ಲ, ಊರಿನ ಮಾತಿನಲ್ಲಿ ಬೆರೆತು ಹೋಗಿವೆ. ನನ್ನ ಪ್ರಶ್ನೆ, ಅಲ್ಲಿ ಯಾರ ಹೆಸರು ಇಲ್ಲ ಎಂಬುದರ ಬಗ್ಗೆ.

ಡಾ. ಟಿ.ಎಂ.ಎ. ಪೈಗಳು 1953ರಲ್ಲಿ ಮಣಿಪಾಲದಲ್ಲಿ ಕಸ್ತೂರ್ಬಾ ಮೆಡಿಕಲ್ ಕಾಲೇಜು ಆರಂಭಿಸಿದಾಗ ವಿದ್ಯಾರ್ಥಿಗಳ ಶುಲ್ಕದಿಂದ ನಡೆಯುವ ಖಾಸಗಿ ವೈದ್ಯಕೀಯ ಕಾಲೇಜು ಎಂಬ ಕಲ್ಪನೆ ದೇಶಕ್ಕೇ ಹೊಸದು. ಮಣಿಪಾಲ ಆಗ ಕಲ್ಲುಗುಡ್ಡ. ಶವವನ್ನು ಕೊಯ್ದು ಅಂಗರಚನೆ ಕಲಿಯಬಹುದಿತ್ತು, ಆದರೆ ರೋಗಿಗಳಿಲ್ಲದೆ ವೈದ್ಯರಾಗುವುದು ಹೇಗೆ? ಅದಕ್ಕಾಗಿ ಸರಕಾರದೊಂದಿಗೆ ಒಪ್ಪಂದ ಮಾಡಿಕೊಂಡು 1955ರಿಂದ ಮಂಗಳೂರಿನ ಸರಕಾರಿ ಆಸ್ಪತ್ರೆಗಳಲ್ಲಿ ಪಾಠ ನಡೆಸುವ ಏರ್ಪಾಡಾಯಿತು. ಕಾಲೇಜಿನ ಪ್ರಾಧ್ಯಾಪಕರು ಅಲ್ಲಿ ರೋಗಿಗಳನ್ನು ನೋಡಬೇಕು, ವಿದ್ಯಾರ್ಥಿಗಳು ಅಲ್ಲಿ ಕಲಿಯಬೇಕು. ಈಗ ಇದಕ್ಕೆ ದೊಡ್ಡ ದೊಡ್ಡ ಆಡಳಿತದ ಹೆಸರುಗಳಿವೆ. ಆಗ ಅದು ಅಗತ್ಯಕ್ಕೆ ಹೊಳೆದ ಉಪಾಯ, ಎರಡೂ ಕಡೆಗೆ ಲಾಭವಾದ ಉಪಾಯ.

ಆ ವಾರ್ಡುಗಳಲ್ಲಿ ಮಲಗಿದ್ದವರು ಯಾರು? ಅಡಿಕೆ ಮರದಿಂದ ಬಿದ್ದು ಬೆನ್ನುಹುರಿ ಮುರಿದವರು. ಬೀಡಿ ಕಟ್ಟಿ ಕಟ್ಟಿ ಕೆಮ್ಮುವವರು. ಹಂಚಿನ ಕಾರ್ಖಾನೆಯ ಆಳುಗಳು, ಬಂದರಿನ ಹಮಾಲಿಗಳು, ದೋಣಿಯವರು. ಕಾಸರಗೋಡಿನಿಂದ, ಘಟ್ಟದ ಮೇಲಿನಿಂದ ಬಸ್ಸಿನಲ್ಲಿ ಎತ್ತಿಕೊಂಡು ಬಂದ ಮಕ್ಕಳು. ಒಂದೇ ಸಾಲಿನ ಮಂಚಗಳಲ್ಲಿ ತುಳು, ಕನ್ನಡ, ಕೊಂಕಣಿ, ಬ್ಯಾರಿ, ಮಲಯಾಳ ಐದೂ ಕೇಳುತ್ತಿದ್ದವು. ದಿಲ್ಲಿಯಿಂದ, ಮಲೇಶಿಯಾದಿಂದ ಬಂದ ನಮ್ಮ ಸಹಪಾಠಿಗಳು ಮೊದಲು ಕಲಿತ ತುಳು ಪದ 'ಬೇನೆ'. ಎಲ್ಲಿ ನೋವು, ಎಷ್ಟು ದಿನದಿಂದ, ಜ್ವರ ಉಂಟಾ, ಇಷ್ಟರಲ್ಲೇ ಅವರ ಭಾಷಾಜ್ಞಾನ ಮುಗಿದರೂ ಕೆಲಸ ನಡೆಯುತ್ತಿತ್ತು.

ನಮಗೆ ಹೃದಯದ ಕವಾಟದ ರೋಗ ಕಲಿಸಿದ್ದು ಪುಸ್ತಕವಲ್ಲ. ಬೀಡಿ ಕಟ್ಟುವ ಒಬ್ಬ ಹೆಂಗಸು, ಮೂವತ್ತು ದಾಟಿರಲಿಲ್ಲ, ಚಿಕ್ಕಂದಿನ ಸಂಧಿವಾತದ ಜ್ವರದಿಂದ ಕವಾಟ ಕಿರಿದಾಗಿತ್ತು. ಮಲಗಿಸಿ ಎಡಕ್ಕೆ ತಿರುಗಿಸಿದರೆ ಮಾತ್ರ ಆ ಸಣ್ಣ ಗುಡುಗಿನಂಥ ಸದ್ದು ಸರಿಯಾಗಿ ಕೇಳುತ್ತದೆ. ದಿನಕ್ಕೆ ಹತ್ತಿಪ್ಪತ್ತು ಹುಡುಗರು ಬಂದು ಕೇಳಿಸಿಕೊಂಡು ಹೋಗುತ್ತಿದ್ದರು. ಕೊನೆಕೊನೆಗೆ ಆಕೆ ನಾವು ಹೇಳುವ ಮೊದಲೇ ತಾನಾಗಿ ಎಡಕ್ಕೆ ತಿರುಗಿ, ಸ್ಟೆತಾಸ್ಕೋಪಿನ ತುದಿಯನ್ನು ಬೆರಳಿನಿಂದ ಒಂದಿಷ್ಟು ಸರಿಸಿ, "ಮುಲ್ಪ ದೀಲೆ ಡಾಕ್ಟ್ರೆ, ಮುಲ್ಪ ಕೇಣುಂಡು" ಎನ್ನುತ್ತಿದ್ದಳು. ಇಲ್ಲಿ ಇಡಿ, ಇಲ್ಲಿ ಕೇಳುತ್ತದೆ ಎಂದು. ನಾವಿನ್ನೂ ಡಾಕ್ಟರು ಆಗಿರಲಿಲ್ಲ. ಮುಂದೆ ಅಬುಧಾಬಿಯಲ್ಲಿ, ದುಬೈಯಲ್ಲಿ ಆ ಸದ್ದನ್ನು ಎಷ್ಟೋ ಎದೆಗಳಲ್ಲಿ ನಾನು ಗುರುತಿಸಿದ್ದೇನೆ. ಪ್ರತಿ ಸಲವೂ ಕೈ ಅದೇ ಜಾಗಕ್ಕೆ ಹೋಗುತ್ತದೆ. ಕೊಲ್ಲಿಯ ಆಸ್ಪತ್ರೆಗಳಲ್ಲಿ ದುಡಿದ ಮಂಗಳೂರಿನ ವೈದ್ಯರನ್ನು ಲೆಕ್ಕ ಹಾಕಿದರೆ, ಅವರ ವಿದ್ಯೆಯ ಬಂಡವಾಳ ಹಾಕಿದವರಲ್ಲಿ ಶುಲ್ಕ ಕಟ್ಟಿದ ತಂದೆಯಂದಿರ ಜೊತೆಗೆ ಈ ಮಂಚದವರೂ ಇದ್ದಾರೆ. ಕಟ್ಟಡಕ್ಕೆ ದಾನ ಕೊಟ್ಟವರ ಹೆಸರು ಅಮೃತಶಿಲೆಯ ಮೇಲೆ ಬರೆಯುವುದು ನಮ್ಮಲ್ಲಿ ರೂಢಿ. ಮೈಯನ್ನೇ ಪಾಠಕ್ಕೆ ಕೊಟ್ಟವರಿಗೆ ಒಂದು ಸಾಲು ಇಲ್ಲ.

ಕಂಕನಾಡಿಯಲ್ಲಿ ಮಾತ್ರ ಆಸ್ಪತ್ರೆಗೆ, ಅಲ್ಲಿ ನಿಜವಾಗಿ ದುಡಿದವರ ಹೆಸರೇ ಇದೆ. ಜರ್ಮನಿಯ ಅಗಸ್ಟಸ್ ಮುಲ್ಲರ್ ಅಲೋಶಿಯಸ್ ಕಾಲೇಜಿಗೆ ಅಧ್ಯಾಪಕರಾಗಿ ಬಂದ ಜೆಸುಯಿಟ್ ಪಾದ್ರಿ. 1880ರಲ್ಲಿ ಬಡವರಿಗೆ ಹೋಮಿಯೋಪತಿ ಔಷಧ ಕೊಡುವ ಚಿಕಿತ್ಸಾಲಯ ತೆರೆದರು, 1890ರಲ್ಲಿ ಕುಷ್ಠರೋಗಿಗಳಿಗೆ ಆಸರೆ ಕಟ್ಟಿದರು, 1902ರಲ್ಲಿ ಪ್ಲೇಗು ಬಂದಾಗ ಅದಕ್ಕೆಂದೇ ಆಸ್ಪತ್ರೆ ಮಾಡಿದರು. ಅಲೋಪತಿಯ ನನಗೆ ಆ ಸಕ್ಕರೆ ಗುಳಿಗೆಗಳಲ್ಲಿ ನಂಬಿಕೆ ಕಡಿಮೆ. ಆದರೆ 1890ರಲ್ಲಿ ಕುಷ್ಠಕ್ಕೆ ನಮ್ಮ ಪದ್ಧತಿಯವರ ಬಳಿಯೂ ಗುಣಪಡಿಸುವ ಮದ್ದು ಇರಲಿಲ್ಲ. ಅದು ಬಂದದ್ದು 1940ರ ದಶಕದಲ್ಲಿ. ಮನೆಯವರೇ ಹೊರಹಾಕಿದವರಿಗೆ ಹಾಸಿಗೆ, ಅನ್ನ, ಗಾಯಕ್ಕೆ ಬಟ್ಟೆ ಕೊಟ್ಟದ್ದೇ ಆ ಕಾಲದ ಚಿಕಿತ್ಸೆ.

ಇನ್ನೊಂದು ಹೆಸರು ಹೇಳದೆ ಈ ದಾರಿ ಮುಗಿಯುವುದಿಲ್ಲ. ಮಂಗಳೂರಿನ ಪುರಭವನಕ್ಕೆ ಕುದ್ಮುಲ್ ರಂಗರಾಯರ ಹೆಸರಿದೆ. ಯಕ್ಷಗಾನಕ್ಕೆ, ಸನ್ಮಾನಕ್ಕೆ ಒಳಗೆ ಹೋಗುವವರು ಮೇಲೆ ನೋಡುವುದಿಲ್ಲ. 1859ರಲ್ಲಿ ಹುಟ್ಟಿದ ಈ ಸಾರಸ್ವತ ವಕೀಲರು 1892ರಲ್ಲಿ ಉರ್ವ ಚಿಲಿಂಬಿಯಲ್ಲಿ ದಲಿತ ಮಕ್ಕಳಿಗೆ ಶಾಲೆ ತೆರೆದರು. ಜಾತಿಯವರು ಬಹಿಷ್ಕಾರ ಹಾಕಿದರು. 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಸ್ಥಾಪಿಸಿದರು. ತಮ್ಮ ಶಾಲೆಯಲ್ಲಿ ಓದಿದ ಮಗು ದೊಡ್ಡ ಹುದ್ದೆಗೇರಿ ಕಾರಿನಲ್ಲಿ ಹೋಗಬೇಕು, ಆ ಕಾರಿನ ಧೂಳು ತಮ್ಮ ತಲೆಗೆ ಬೀಳಬೇಕು ಎಂಬುದು ಅವರ ಆಸೆಯಾಗಿತ್ತೆಂದು ಪ್ರಸಿದ್ಧಿ. ಗಾಂಧೀಜಿ ಆಗಿನ್ನೂ ದಕ್ಷಿಣ ಆಫ್ರಿಕಾದಲ್ಲಿದ್ದರು. ರಾಯರ ಮಗಳು ರಾಧಾಬಾಯಿ ಸುಬ್ಬರಾಯನ್ ದಿಲ್ಲಿಯ ಶಾಸನಸಭೆಗೆ ಹೋದರು, ಮೊಮ್ಮಗ ಜನರಲ್ ಕುಮಾರಮಂಗಲಂ ಭೂಸೇನೆಯ ಮುಖ್ಯಸ್ಥರಾದರು. ಕಾಲೇಜುಗಳ ಊರೆಂದು ನಾವು ಕೊಚ್ಚಿಕೊಳ್ಳುತ್ತೇವಲ್ಲ, ಆ ಊರಿನ ಶಾಲೆಯ ಬಾಗಿಲು ಎಲ್ಲರಿಗೂ ತೆರೆದದ್ದು ಹೀಗೆ, ಒಬ್ಬರು ಸ್ನಾನದ ಮನೆಯಿಂದ ಪಂಕ್ತಿಯವರೆಗೆ ಎಲ್ಲ ಕಡೆ ಹೊರಗುಳಿದ ಮೇಲೆ.

ದುಬೈಯಲ್ಲಿರುವ ನಮಗೆ ನೇರ ಸಂಬಂಧದ ಒಂದು ಕುರುಹು ಮಾತ್ರ ಮಂಗಳೂರಿನಲ್ಲಿ ಎಲ್ಲೂ ಇಲ್ಲ. ಹನ್ನೆರಡನೆಯ ಶತಮಾನದಲ್ಲಿ, ಸುಮಾರು 1132ರಿಂದ 1149ರವರೆಗೆ, ಅಬ್ರಹಾಂ ಬೆನ್ ಯಿಜು ಎಂಬ ಟ್ಯುನೀಶಿಯಾ ಮೂಲದ ಯಹೂದಿ ವ್ಯಾಪಾರಿ ಮಂಗಳೂರಿನಲ್ಲಿ ನೆಲೆಸಿ ಕಂಚಿನ ಪಾತ್ರೆಯ ಕೆಲಸ ಮಾಡಿಸುತ್ತಿದ್ದರು. ಏಡನ್ನಿಗೆ ಮೆಣಸು, ಅಡಿಕೆ ಕಳಿಸಿ ಅಲ್ಲಿಂದ ಕಾಗದ, ಸಕ್ಕರೆ, ಒಣದ್ರಾಕ್ಷಿ ತರಿಸುತ್ತಿದ್ದರು. ಅವರ ಪತ್ರಗಳು ಕೈರೋದ ಒಂದು ಯಹೂದಿ ಮಂದಿರದ ಕೋಣೆಯಲ್ಲಿ ಉಳಿದುಬಂದವು. ಅವುಗಳಲ್ಲಿ ಅವರ ಪರವಾಗಿ ಕಡಲು ದಾಟಿ ವ್ಯವಹಾರ ಮಾಡುತ್ತಿದ್ದ ಆಳೊಬ್ಬನ ಹೆಸರೂ ಬರುತ್ತದೆ. ಅಮಿತಾವ್ ಘೋಷ್ 1992ರ ತಮ್ಮ ಪುಸ್ತಕದಲ್ಲಿ ಅವನ ಜಾಡು ಹಿಡಿದರು. ಆ ಹೆಸರು 'ಬೊಮ್ಮ' ಎಂದು ಗುರುತಿಸಲು ಮಂಗಳೂರು ವಿಶ್ವವಿದ್ಯಾನಿಲಯದ ಪ್ರೊ. ಬಿ.ಎ. ವಿವೇಕ ರೈಯವರ ನೆರವು ಸಿಕ್ಕಿತು. ಎರಡು ಶತಮಾನದ ಮೇಲೆ, 1342ರ ಸುಮಾರಿಗೆ ಬಂದ ಇಬ್ನ್ ಬತೂತ ಮಂಗಳೂರಿನಲ್ಲಿ ಪಾರಸದ, ಯೆಮೆನ್ನಿನ ವ್ಯಾಪಾರಿಗಳು ಇಳಿಯುತ್ತಾರೆಂದು ಬರೆದಿದ್ದಾನೆ. ಅಂದರೆ ದುಡಿಮೆಗಾಗಿ ಅರಬರ ಕಡಲು ದಾಟಿದ ಮೊದಲಿಗರು ನಾವಲ್ಲ. ಬಂದರಿನಲ್ಲಿ ಬೊಮ್ಮನಿಗೊಂದು ಕಲ್ಲು ನೆಡಬಾರದೇ?

ಇಲ್ಲಿ ಡೇರಾದಲ್ಲಿ 1912ರಲ್ಲಿ ಒಬ್ಬ ಮುತ್ತಿನ ವ್ಯಾಪಾರಿಯ ದಾನದಿಂದ ಶುರುವಾದ ಅಲ್ ಅಹ್ಮದಿಯಾ ಶಾಲೆಯನ್ನು ವಸ್ತುಸಂಗ್ರಹಾಲಯ ಮಾಡಿ ಉಳಿಸಿಕೊಂಡಿದ್ದಾರೆ. ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗಿ. ನೂರು ವರ್ಷದ ಶಾಲೆಗೆ ಈ ಊರು ಕೊಡುವ ಮರ್ಯಾದೆ ನೋಡಿದ ಮೇಲೆ ನೂರೈವತ್ತು ದಾಟಿದ ನಮ್ಮ ಕಾಲೇಜಿನ ಗೋಡೆಯನ್ನು ಅವರು ಬೇರೆ ಕಣ್ಣಿನಿಂದ ನೋಡಿಯಾರು.

ವೆನ್ಲಾಕ್ ಆಸ್ಪತ್ರೆಯಲ್ಲಿ ಒಂದು ಫಲಕ ಹಾಕಿಸಲು ಅನುಮತಿ ಕೇಳುವ ಅರ್ಜಿಯ ಕರಡನ್ನು ನಾನು ಸಂಘದ ಕಾರ್ಯದರ್ಶಿಗಳ ಕೈಗೆ ಕೊಟ್ಟಿದ್ದೇನೆ. ಫಲಕದಲ್ಲಿ ಗವರ್ನರರ ಹೆಸರಾಗಲಿ, ವೈದ್ಯರ ಹೆಸರಾಗಲಿ, ನಮ್ಮ ಸಂಘದ ಹೆಸರಾಗಲಿ ಬೇಡ. 1955ರಿಂದ ಈ ವಾರ್ಡುಗಳಲ್ಲಿ ಮಲಗಿ ವಿದ್ಯಾರ್ಥಿಗಳಿಗೆ ಕಲಿಸಿದ ರೋಗಿಗಳ ನೆನಪಿಗೆ ಎಂಬ ಒಂದೇ ವಾಕ್ಯ, ವಾರ್ಡಿನಲ್ಲಿ ಕೇಳುತ್ತಿದ್ದ ಐದು ಭಾಷೆಗಳಲ್ಲಿ. ತುಳು, ಕನ್ನಡದ ಸಾಲು ನಾನು ಬರೆದಿದ್ದೇನೆ. ಕೊಂಕಣಿ, ಬ್ಯಾರಿ, ಮಲಯಾಳ ಬಲ್ಲ ಸದಸ್ಯರು ಉಳಿದ ಮೂರನ್ನು ಮುಂದಿನ ಮಹಾಸಭೆಯೊಳಗೆ ಬರೆದುಕೊಡಬೇಕು.